ಒಲಿಂಪಿಯಾಡ್ ಲೆಕ್ಕಕ್ಕೆ ಜೊತೆಗಾರರು ಯಾಕೆ ಬೇಕು?

ಗಣಿತ ಒಲಿಂಪಿಯಾಡ್‌ನ ಮೊದಲ ಪರೀಕ್ಷೆ ಐಒಕ್ಯೂಎಂನ ಫಲಿತಾಂಶ ಬಂದ ಕೂಡಲೇ ನನ್ನ ಹತ್ತಿರ ಗಣಿತಕ್ಕೆ ಬರುವ ಮಕ್ಕಳಲ್ಲಿ ಮೂರ್ನಾಲ್ಕು ಜನ ಗುಂಪು ಕಟ್ಟಿಕೊಳ್ಳುತ್ತಾರೆ. 'ಆರ್‌ಎಂಒಗೆ ಒಟ್ಟಿಗೆ ಓದ್ತೀವಿ ಸರ್' ಅನ್ನುತ್ತಾರೆ. ಅದು ಮುಂದಿನ ಹಂತ. ಓದಲಿ, ಒಳ್ಳೆಯದೇ. ಆದರೆ ಒಟ್ಟಿಗೆ ಕೂತು ಏನು ಮಾಡುತ್ತಾರೆ ಅಂತ ನೋಡಿದರೆ ಸಾಮಾನ್ಯವಾಗಿ ಒಂದೇ ಕಥೆ. ಒಬ್ಬ ಲೆಕ್ಕವನ್ನು ಜೋರಾಗಿ ಓದುತ್ತಾನೆ. ಎರಡು ನಿಮಿಷವೂ ಆಗಿರುವುದಿಲ್ಲ, ಚುರುಕಾದ ಹುಡುಗಿಯೊಬ್ಬಳು 'ಇದಕ್ಕೆ ಪಿಜನ್‌ಹೋಲ್ ಹಾಕಿದ್ರೆ ಆಯ್ತು' ಅನ್ನುತ್ತಾಳೆ. (ಗೂಡುಗಳಿಗಿಂತ ಪಾರಿವಾಳ ಜಾಸ್ತಿ ಇದ್ದರೆ ಒಂದು ಗೂಡಿಗೆ ಎರಡಾದರೂ ಬರಲೇಬೇಕು ಅನ್ನುವ ತತ್ವ.) ಉಳಿದವರು 'ಹೌದಲ್ವಾ' ಅಂತ ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಸಂಜೆಯೊಳಗೆ ಹತ್ತು ಲೆಕ್ಕ ಮುಗಿದಿರುತ್ತವೆ. ಎಲ್ಲರಿಗೂ ಖುಷಿ. ನಿಜ ಹೇಳಬೇಕೆಂದರೆ ಲೆಕ್ಕ ಮಾಡಿದ್ದು ಅವಳೊಬ್ಬಳೇ.

ಈ ದಾರಿ ಗೊತ್ತಿಲ್ಲದ ಪೋಷಕರಿಗೆ ಸ್ವಲ್ಪ ಹಿನ್ನೆಲೆ. ಐಒಕ್ಯೂಎಂ ಮೊದಲ ಮೆಟ್ಟಿಲು. 8ರಿಂದ 12ನೇ ತರಗತಿಯವರು ಬರೆಯಬಹುದು. 3 ಗಂಟೆ, 30 ಪ್ರಶ್ನೆ. ಪ್ರತಿ ಉತ್ತರವೂ 00ರಿಂದ 99ರೊಳಗಿನ ಒಂದು ಸಂಖ್ಯೆ, ಓಎಂಆರ್ ಹಾಳೆಯಲ್ಲಿ ತುಂಬಿದರೆ ಮುಗಿಯಿತು. ಹೇಗೆ ಬಂತು ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ದಾಟಿದವರಿಗೆ ಆರ್‌ಎಂಒ. ಅಲ್ಲೂ 3 ಗಂಟೆಯೇ, ಆದರೆ ಲೆಕ್ಕ ಬರೀ 6. ಉತ್ತರ ಬಂದರೆ ಸಾಲದು, ಅದು ಯಾಕೆ ಸರಿ ಅಂತ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಸಾಧಿಸಿ ತೋರಿಸಬೇಕು. ಆಮೇಲೆ ಜನವರಿಯಲ್ಲಿ ರಾಷ್ಟ್ರಮಟ್ಟದ ಐಎನ್‌ಎಂಒ, ಅಲ್ಲಿ ಆಯ್ಕೆಯಾದವರಿಗೆ ತರಬೇತಿ ಶಿಬಿರ, ಕೊನೆಗೆ ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗೆ 6 ಜನರ ತಂಡ. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಈ ಇಡೀ ಕಾರ್ಯಕ್ರಮ ನೋಡಿಕೊಳ್ಳುತ್ತದೆ. ಇನ್ನೊಂದು ಮಾತು: ಇಲ್ಲಿ ಕ್ಯಾಲ್ಕುಲಸ್ ಇಲ್ಲ. 'ನಮ್ಮ ಹುಡುಗ ಇಂಟಿಗ್ರೇಷನ್ ಎಲ್ಲಾ ಮುಗಿಸಿದ್ದಾನೆ' ಅಂತ ಹೆಮ್ಮೆಯಿಂದ ಹೇಳುವ ಅಪ್ಪಂದಿರಿಗೆ ಇದು ಸ್ವಲ್ಪ ನಿರಾಸೆ ತರುತ್ತದೆ. ಬೀಜಗಣಿತ, ರೇಖಾಗಣಿತ, ನಂಬರ್ ಥಿಯರಿ, ಕಾಂಬಿನೇಟೋರಿಕ್ಸ್ (ಎಣಿಕೆ, ಜೋಡಣೆಯ ಲೆಕ್ಕ), ಇಷ್ಟೇ. ಇಷ್ಟೇ ಅಂದರೆ ಸಾಕಷ್ಟು!

ಅಂದರೆ ಮೊದಲ ಮೆಟ್ಟಿಲಿಗೆ ಓದಿದ ಹಾಗೆ ಎರಡನೆಯದಕ್ಕೆ ಓದಿದರೆ ಆಗುವುದಿಲ್ಲ. ಐಒಕ್ಯೂಎಂಗೆ ಗುಂಪಿನಲ್ಲಿ ಶಾರ್ಟ್‌ಕಟ್ ಹಂಚಿಕೊಂಡರೆ ನಷ್ಟವೇನಿಲ್ಲ, ಲಾಭವೇ ಜಾಸ್ತಿ. ಆರ್‌ಎಂಒಗೆ ಅದೇ ಅಭ್ಯಾಸ ಕಾಲು ಎಳೆಯುತ್ತದೆ.

ಒಂದು ಹಳೆಯ ಲೆಕ್ಕವನ್ನೇ ನೋಡೋಣ. 1ರಿಂದ 100ರವರೆಗಿನ ಸಂಖ್ಯೆಗಳಲ್ಲಿ ಯಾವುದೇ 51 ಆರಿಸಿದರೂ, ಅವುಗಳಲ್ಲಿ ಒಂದು ಇನ್ನೊಂದನ್ನು ನಿಶ್ಶೇಷವಾಗಿ ಭಾಗಿಸುವ ಜೋಡಿ ಇದ್ದೇ ಇರುತ್ತದೆ ಅಂತ ಸಾಧಿಸಿ. ಗೊತ್ತಿದ್ದವರು ಹೇಳುವುದು ಒಂದೇ ಸಾಲು: 'ಪ್ರತಿ ಸಂಖ್ಯೆಯನ್ನೂ 2ರಿಂದ ಭಾಗಿಸುತ್ತಾ ಹೋಗಿ, ಉಳಿಯುವ ಬೆಸ ಸಂಖ್ಯೆ ನೋಡಿ.' 100ರೊಳಗೆ ಬೆಸ ಸಂಖ್ಯೆ 50 ಮಾತ್ರ. ಆರಿಸಿದ್ದು 51. ಹಾಗಾಗಿ ಎರಡು ಸಂಖ್ಯೆಗಳಿಗೆ ಒಂದೇ ಬೆಸ ಭಾಗ ಬರಲೇಬೇಕು. ಆಗ ದೊಡ್ಡದು ಚಿಕ್ಕದರ ಎರಡರಷ್ಟೋ ನಾಲ್ಕರಷ್ಟೋ ಎಂಟರಷ್ಟೋ ಇರುತ್ತದೆ. ಮುಗಿಯಿತು.

ಚೆನ್ನಾಗಿದೆ. ಆದರೆ ಈ ಸಾಲನ್ನು ಕೇಳಿಸಿಕೊಂಡ ಹುಡುಗನಿಗೆ ಸಿಕ್ಕಿದ್ದು ಈ ಒಂದು ಲೆಕ್ಕ ಮಾತ್ರ. ಬೆಸ ಭಾಗ ನೋಡಬೇಕು ಅಂತ ಯಾರಿಗಾದರೂ ಹೊಳೆಯುವುದು ಹೇಗೆ? ಆ ಪ್ರಶ್ನೆ ಅವನ ತಲೆಗೆ ಬರುವುದೇ ಇಲ್ಲ.

ಒಬ್ಬನೇ ಕೂತು ಒದ್ದಾಡಿದ್ದರೆ ಏನಾಗುತ್ತಿತ್ತು? ಬಹುಶಃ ಲೆಕ್ಕವನ್ನು ಚಿಕ್ಕದು ಮಾಡುತ್ತಿದ್ದ. 1ರಿಂದ 10, ಆರು ಸಂಖ್ಯೆ ಆರಿಸು. ತಪ್ಪಿಸಿಕೊಳ್ಳಲು ನೋಡೋಣ ಅಂತ 6, 7, 8, 9, 10 ತೆಗೆದುಕೊಳ್ಳುತ್ತಿದ್ದ. ಐದರಲ್ಲಿ ಯಾವುದೂ ಯಾವುದನ್ನೂ ಭಾಗಿಸುವುದಿಲ್ಲ. ಈಗ ಆರನೆಯದು ಬೇಕು. 5 ಸೇರಿಸಿದರೆ 10 ಸಿಕ್ಕಿಹಾಕಿಕೊಳ್ಳುತ್ತದೆ. 4 ಸೇರಿಸಿದರೆ 8. 3 ಸೇರಿಸಿದರೆ 6. ಪ್ರತಿ ಸಲವೂ ಚಿಕ್ಕದರ ಎರಡರಷ್ಟು ಬಂದು ಅಡ್ಡ ನಿಲ್ಲುತ್ತಿದೆ! ಅಲ್ಲಿಂದ 1, 2, 4, 8 ಒಂದು ಸಾಲು, 3, 6 ಒಂದು ಸಾಲು, 5, 10 ಒಂದು ಸಾಲು, 7 ಮತ್ತು 9 ಒಂಟಿ ಅಂತ ಬರೆಯುವುದು ಒಂದೇ ಹೆಜ್ಜೆ. ಸಾಲು ಐದು, ಸಂಖ್ಯೆ ಆರು. ಜೊತೆಗೆ ಇನ್ನೊಂದೂ ಕಾಣುತ್ತದೆ: 51ರ ಬದಲು 50 ಅಂತ ಕೊಟ್ಟಿದ್ದರೆ ಮಾತು ಸುಳ್ಳಾಗುತ್ತಿತ್ತು, ಯಾಕೆಂದರೆ 51ರಿಂದ 100ರವರೆಗಿನ 50 ಸಂಖ್ಯೆಗಳಲ್ಲಿ ಅಂಥ ಜೋಡಿ ಇಲ್ಲ. ಚಿಕ್ಕದು ಮಾಡಿ ನೋಡು, ತಪ್ಪಿಸಿಕೊಳ್ಳಲು ಪ್ರಯತ್ನಿಸು, ಎಲ್ಲಿ ಸಿಕ್ಕಿಬೀಳುತ್ತೀಯ ಗಮನಿಸು. ಈ ಮೂರು ಅಭ್ಯಾಸ ನೂರು ಬೇರೆ ಲೆಕ್ಕಗಳಿಗೆ ಬರುತ್ತವೆ.

ಅದಕ್ಕೇ ನನ್ನ ಗುಂಪುಗಳಲ್ಲಿ ಮೊದಲ ಮುಕ್ಕಾಲು ಗಂಟೆ ಮಾತಿಲ್ಲ. ಎಲ್ಲರಿಗೂ ಅದೇ ಲೆಕ್ಕ, ಬೇರೆ ಬೇರೆ ಮೂಲೆ. ಹೊಳೆದವರು ಸುಮ್ನೆ ಬರೆಯಬೇಕು, ಮುಖದಲ್ಲೂ ತೋರಿಸಬಾರದು. (ಇದು ಚುರುಕಾದವರಿಗೆ ಲೆಕ್ಕಕ್ಕಿಂತ ಕಷ್ಟ.) ವಾಟ್ಸ್ಆ್ಯಪ್ ಗುಂಪಿದ್ದರೆ ಅಲ್ಲೂ ರಾತ್ರಿ ತನಕ ಉತ್ತರದ ಫೋಟೋ ಹಾಕುವಂತಿಲ್ಲ.

ಹಾಗಾದರೆ ಒಟ್ಟಿಗೆ ಯಾಕೆ ಸೇರಬೇಕು? ಒಬ್ಬರ ಬರಹವನ್ನು ಇನ್ನೊಬ್ಬರು ಓದುವುದಕ್ಕೆ. ಗುಂಪಿನ ಅಸಲಿ ಉಪಯೋಗ ಇದೇ ಅಂತ ನನ್ನ ನಂಬಿಕೆ. ನಾವೇ ಬರೆದದ್ದನ್ನು ನಾವೇ ಓದಿದರೆ ಬಿಟ್ಟುಹೋದ ಸಾಲೂ ಕಣ್ಣಿಗೆ ಕಂಡಂತೆ ಆಗುತ್ತದೆ, ತಲೆಯಲ್ಲಿ ಅದು ಇರುತ್ತದಲ್ಲ. ಬೇರೆಯವರಿಗೆ ಅದು ಇರುವುದಿಲ್ಲ.

ಹಾಳೆ ಅದಲುಬದಲು ಮಾಡಿ ಓದುವಾಗ ಒಂದು ಕಟ್ಟುನಿಟ್ಟು: ಬರೆದವರು ಬಾಯಿ ಬಿಡಬಾರದು. 'ಅದು ಹಾಗಲ್ಲ, ನನ್ನ ಅರ್ಥ ಏನಂದ್ರೆ' ಅಂತ ಶುರುಮಾಡಿದರೆ ಅಲ್ಲೇ ಅಂಕ ಹೋಯಿತು ಅಂತ ತಿಳಿಯಬೇಕು. ಪರೀಕ್ಷಕರ ಪಕ್ಕದಲ್ಲಿ ಕೂತು ವಿವರಿಸಲು ಯಾರನ್ನೂ ಬಿಡುವುದಿಲ್ಲ.

ಹೀಗೆ ಓದುವಾಗ ಸಿಗುವ ತಪ್ಪುಗಳಲ್ಲಿ ನನಗೆ ತುಂಬ ಪ್ರಿಯವಾದದ್ದು ಒಂದಿದೆ. ಅಸಮತೆಯ (ಒಂದು ಇನ್ನೊಂದಕ್ಕಿಂತ ಕಡಿಮೆಯಿಲ್ಲ ಅಂತ ತೋರಿಸುವ) ಲೆಕ್ಕದಲ್ಲಿ ಎ/ಬಿ + ಬಿ/ಸಿ + ಸಿ/ಎ ತರಹದ ಮೊತ್ತ ಬಂದಿರುತ್ತದೆ. ಮಕ್ಕಳು ಮೊದಲ ಸಾಲಿನಲ್ಲೇ 'ಎ ದೊಡ್ಡದು, ನಂತರ ಬಿ, ನಂತರ ಸಿ ಅಂತ ಇಟ್ಟುಕೊಳ್ಳೋಣ, ತೊಂದರೆಯಿಲ್ಲ' ಅಂತ ಬರೆದುಬಿಡುತ್ತಾರೆ. ಪುಸ್ತಕದ ಎಷ್ಟೋ ಉತ್ತರಗಳಲ್ಲಿ ಆ ಸಾಲು ಇರುತ್ತದೆ, ಹಾಗಾಗಿ ಕೈ ತಾನಾಗಿ ಬರೆಯುತ್ತದೆ. ಇಲ್ಲಿ ತೊಂದರೆ ಇದೆ. ಎ, ಬಿ, ಸಿಗಳಿಗೆ 3, 2, 1 ಹಾಕಿ. ಮೊತ್ತ 23/6. ಈಗ 1, 2, 3 ಹಾಕಿ. ಮೊತ್ತ 25/6. ಅವೇ ಮೂರು ಸಂಖ್ಯೆ, ಕ್ರಮ ಬದಲಾದರೆ ಮೊತ್ತವೂ ಬದಲು. ಈ ಮೊತ್ತದಲ್ಲಿ ಅಕ್ಷರಗಳನ್ನು ಚಕ್ರದ ಹಾಗೆ ತಿರುಗಿಸಬಹುದು, ಮನಸ್ಸಿಗೆ ಬಂದಂತೆ ಅದಲುಬದಲು ಮಾಡುವಂತಿಲ್ಲ. ಹಾಗಾಗಿ ಎ ಎಲ್ಲಕ್ಕಿಂತ ದೊಡ್ಡದು ಅಂತ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಬಿ ಮತ್ತು ಸಿ ಕ್ರಮ ಮಾತ್ರ ಎರಡು ಬೇರೆ ಸಂದರ್ಭವಾಗಿ ನೋಡಲೇಬೇಕು. ಬರೆದವನಿಗೆ ಇದು ಅಪ್ಪಿತಪ್ಪಿಯೂ ಕಾಣುವುದಿಲ್ಲ. ಪಕ್ಕದವಳು 'ಯಾಕೆ ಹಾಗೆ ಇಟ್ಟುಕೊಂಡೆ?' ಅಂತ ಒಂದು ಮಾತು ಕೇಳಿದರೆ ಸಾಕು, ಸಿಕ್ಕಿಬೀಳುತ್ತಾನೆ.

ರೇಖಾಗಣಿತದಲ್ಲಿ ಗುಂಪಿನ ಲಾಭ ಇನ್ನೂ ಸುಲಭ. ನಾಲ್ಕು ಜನ ನಾಲ್ಕು ಚಿತ್ರ ಬಿಡಿಸುತ್ತಾರೆ. ಮೂವರು ಲಘುಕೋನ ತ್ರಿಭುಜ ಬಿಡಿಸಿದರೆ ನಾಲ್ಕನೆಯವನದು ವಿಶಾಲಕೋನ. ಅವನ ಚಿತ್ರದಲ್ಲಿ ಲಂಬಗಳು ಸೇರುವ ಬಿಂದು ತ್ರಿಭುಜದ ಹೊರಗೆ ಹೋಗಿರುತ್ತದೆ. ಉಳಿದವರು ಎರಡು ಕೋನ ಕೂಡಿಸಿದ ಕಡೆ ಅವನು ಕಳೆಯಬೇಕಾಗುತ್ತದೆ. ನಿಮ್ಮ ಸಾಧನೆ ಅವನ ಚಿತ್ರಕ್ಕೂ ನಿಲ್ಲುತ್ತದೆಯೇ? ಒಬ್ಬರೇ ಓದುವವರಿಗೆ ಈ ಪ್ರಶ್ನೆ ಹುಟ್ಟುವುದು ಅಪರೂಪ. ಲೆಕ್ಕದಲ್ಲೇ 'ಲಘುಕೋನ ತ್ರಿಭುಜ' ಅಂತ ಕೊಟ್ಟಿದ್ದರೆ ಬಚಾವ್.

ಪೋಷಕರು ಮೆಲ್ಲಗೆ ಕೇಳುವ ಒಂದು ಪ್ರಶ್ನೆ ಇದೆ. ಆರ್‌ಎಂಒ ಆಯ್ಕೆ ಪ್ರಾಂತವಾರು ನಡೆಯುತ್ತದೆ, ಕರ್ನಾಟಕದ ಮಕ್ಕಳಿಗೆ ಕರ್ನಾಟಕದ ಮಕ್ಕಳೇ ಪೈಪೋಟಿ. 'ಎದುರಾಳಿಗೆ ನಾವೇ ಹೇಳಿಕೊಡೋದಾ ಸರ್?' ಇದರಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಸೀಟು ಕಡಿಮೆಯೇ. ಆದರೆ ಗುಂಪಿನಲ್ಲಿ ಇರುವುದು ಮೂರೋ ನಾಲ್ಕೋ ಜನ, ಪರೀಕ್ಷೆ ಬರೆಯುವುದು ಇಡೀ ರಾಜ್ಯ. ಜೊತೆಗಾರನ ಒಂದು ತಪ್ಪು ಹುಡುಕಿಕೊಟ್ಟರೆ ಹುಡುಕಿದವಳ ಕಣ್ಣೂ ಚುರುಕಾಗುತ್ತದೆ. ಅಂತರರಾಷ್ಟ್ರೀಯ ಮಟ್ಟದಲ್ಲೂ ಬಹುಮಾನ ಒಬ್ಬೊಬ್ಬರಿಗೇ. ತಂಡದ 6 ಜನ ಬೇರೆ ಬೇರೆ ಕೂತು ಬರೆಯುತ್ತಾರೆ, ಆದರೂ ಅಲ್ಲಿಗೆ ಹೋಗುವ ಮೊದಲು ಶಿಬಿರದಲ್ಲಿ ಒಟ್ಟಿಗೆ ಇರುತ್ತಾರೆ. ಭಾರತ 1989ರಿಂದ ಭಾಗವಹಿಸುತ್ತಿದೆ. 2024ರಲ್ಲಿ ಇಂಗ್ಲೆಂಡಿನ ಬಾತ್‌ನಲ್ಲಿ 4 ಚಿನ್ನ ಗೆದ್ದು ಒಟ್ಟಾರೆ ನಾಲ್ಕನೇ ಸ್ಥಾನಕ್ಕೆ ಬಂತು.

ಗುಂಪಿನ ಗಾತ್ರ ಮೂರು ಅಥವಾ ನಾಲ್ಕು ಇರಲಿ. ಐದಾದರೆ ಒಬ್ಬರು ಹಿಂದೆ ಸರಿದು ಸುಮ್ಮನಾಗುತ್ತಾರೆ. ಒಂಬತ್ತನೇ ಕ್ಲಾಸಿನವರು, ಪಿಯುಸಿಯವರು ಬೆರೆತರೆ ಚೆನ್ನ. ಚಿಕ್ಕವರು ಕೇಳುವ 'ಯಾಕೆ'ಗಳೇ ಬೇರೆ. ಊರಲ್ಲಿ ಜೊತೆಗಾರರು ಸಿಗದಿದ್ದರೆ ವಿಡಿಯೋ ಕಾಲ್ ನಡೆಯುತ್ತದೆ, ಹಾಳೆಯ ಫೋಟೋ ಕಳಿಸಿದರೆ ಆಯ್ತು. ಮಾತು ಕನ್ನಡದಲ್ಲೇ ಇರಲಿ, ತರ್ಕಕ್ಕೆ ಇಂಗ್ಲಿಷ್ ಬೇಕಿಲ್ಲ. ಹಳೆಯ ಪೇಪರ್‌ಗಳು ಹೋಮಿ ಭಾಭಾ ಕೇಂದ್ರದ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಅದಕ್ಕೆ ದುಡ್ಡು ಕೊಟ್ಟು ಮೆಟೀರಿಯಲ್ ಕೊಳ್ಳುವ ಅಗತ್ಯವಿಲ್ಲ.

ಕೊನೆಯ ವಾರಗಳಲ್ಲಿ ಭಾನುವಾರಕ್ಕೊಂದು ಪೂರ್ತಿ ಪೇಪರ್ ಬರೆಯಿರಿ. ಗಡಿಯಾರ ಇಟ್ಟುಕೊಂಡು 3 ಗಂಟೆ, 6 ಲೆಕ್ಕ. ಆಮೇಲೆ ಒಬ್ಬರ ಹಾಳೆಗೆ ಇನ್ನೊಬ್ಬರು ಅಂಕ ಹಾಕಲಿ. ಇತ್ತೀಚಿನ ಪೇಪರ್‌ಗಳಲ್ಲಿ ಒಟ್ಟು ಅಂಕ 102, ಅಂದರೆ ಲೆಕ್ಕಕ್ಕೆ 17. ಪೂರ್ತಿ ಸರಿಯಿದ್ದರೆ 17, ಏನೂ ಇಲ್ಲದಿದ್ದರೆ ಸೊನ್ನೆ, ಇದು ಯಾರಿಗೂ ಗೊತ್ತು. ಜಗಳ ಆಗುವುದು ಮಧ್ಯದಲ್ಲಿ. ಎರಡು ಸಂದರ್ಭದಲ್ಲಿ ಒಂದನ್ನು ಮಾತ್ರ ಸಾಧಿಸಿದವನಿಗೆ ಎಷ್ಟು? ಸಣ್ಣ ಸಂಖ್ಯೆ ಹಾಕಿ ಉತ್ತರ ಊಹಿಸಿ, ಸಾಧನೆ ಬರೆಯದವಳಿಗೆ ಎಷ್ಟು? ಆ ಜಗಳವನ್ನು ನಾನು ಬಿಡಿಸಲು ಹೋಗುವುದಿಲ್ಲ. ಅಂಕ ಯಾಕೆ ಕಡಿತವಾಯಿತು ಅಂತ ಕೊಟ್ಟವರು ಹಾಳೆಯ ಅಂಚಿನಲ್ಲಿ ಒಂದು ಸಾಲು ಬರೆಯಬೇಕು. ಒಪ್ಪದವರು ಅದೇ ಲೆಕ್ಕವನ್ನು ರಾತ್ರಿ ಮತ್ತೆ ಬರೆದು ತರಬೇಕು.