ಸಿಡಿಮದ್ದು ಕಡಿಮೆ ಮಾಡಿದರೆ ಕಂಪನ ಇಳಿಯುತ್ತಾ?

ಗಣಿಯ ಪಕ್ಕ ಮನೆಗಳಿದ್ದರೆ ನನಗೆ ಮೊದಲು ಎದುರಾಗುವ ಪ್ರಶ್ನೆ ಇದು: "ಮದ್ದು ಕಡಿಮೆ ಹಾಕೋಣ ಸಾರ್. ಖರ್ಚೂ ಉಳಿಯುತ್ತೆ, ಕಂಪನವೂ ಇಳಿಯುತ್ತೆ, ಅಲ್ವಾ?" ಯಾವಾಗಲೂ ಅಲ್ಲ.

ಕಂಪನಕ್ಕೆ ಮುಖ್ಯವಾಗುವುದು ಇಡೀ ಬ್ಲಾಸ್ಟಿನ ಮದ್ದಲ್ಲ, ಒಂದೇ ಡಿಲೇಯಲ್ಲಿ, ಅಂದರೆ ಒಂದೇ ಕ್ಷಣಕ್ಕೆ, ಸಿಡಿಯುವ ಮದ್ದು. ಜೊತೆಗೆ ಮನೆ ಎಷ್ಟು ದೂರ ಅನ್ನುವುದು. ಮೀಟರ್‌ ಲೆಕ್ಕದ ದೂರವನ್ನು ಆ ಮದ್ದಿನ ಕೆಜಿಯ ವರ್ಗಮೂಲದಿಂದ ಭಾಗಿಸಿ. ಬರುವುದೇ ಸ್ಕೇಲ್ಡ್ ಡಿಸ್ಟೆನ್ಸ್. ನಿಮ್ಮ ಬಂಡೆಯಲ್ಲಿ ಅಳೆದು ನೋಡಿದಾಗ ಅದು 25ಕ್ಕಿಂತ ಇಳಿಯಬಾರದು ಅಂತ ತಿಳಿಯಿತು ಎಂದಿಟ್ಟುಕೊಳ್ಳಿ. 300 ಮೀಟರ್ ದೂರಕ್ಕೆ 144 ಕೆಜಿ ನಡೆಯುತ್ತದೆ. 150 ಮೀಟರಿಗೆ ಬರೀ 36. ದೂರ ಅರ್ಧವಾದರೆ ಮದ್ದು ಕಾಲು ಭಾಗ.

ಬಂಡೆಗೆ ಕೊರೆದ 115 ಮಿ.ಮೀ. ಅಗಲದ ಹೋಲ್‌ನಲ್ಲಿ ಆನ್‌ಫೋ (ಅಮೋನಿಯಂ ನೈಟ್ರೇಟ್‌ಗೆ ಡೀಸೆಲ್ ಬೆರೆಸಿದ ಮದ್ದು) ಮೀಟರಿಗೆ ಸುಮಾರು 9 ಕೆಜಿ ಹಿಡಿಯುತ್ತದೆ. 7 ಮೀಟರ್ ತುಂಬಿದರೆ 60 ಕೆಜಿ ದಾಟಿತು, 150 ಮೀಟರಿನ 36 ಕೆಜಿ ಮಿತಿ ಮೀರಿತು. ಆಗ ಕೆಲವರು ಸುಮ್ನೆ ಮದ್ದನ್ನು ಅರ್ಧ ಮಾಡಿ, ಬರ್ಡನ್ (ಹೋಲಿಗೂ ಮುಂದಿನ ಬಯಲು ಮುಖಕ್ಕೂ ನಡುವಿನ ಬಂಡೆಯ ದಪ್ಪ) ಮುಟ್ಟುವುದೇ ಇಲ್ಲ. ತಪ್ಪು ಆಗುವುದೇ ಇಲ್ಲಿ. ಮುಂದಿನ ಬಂಡೆ ಸರಿಯದಿದ್ದರೆ ಅದನ್ನು ತಳ್ಳಬೇಕಿದ್ದ ಶಕ್ತಿ ನೆಲದೊಳಗೆ ಹೋಗುತ್ತದೆ. ಅರ್ಧ ಮದ್ದಿಗೆ ಲೆಕ್ಕ ಹಾಕಿದ್ದಕ್ಕಿಂತ ಕಂಪನ ಜಾಸ್ತಿ ಬರುತ್ತದೆ. ಬುಡದಲ್ಲಿ ಒಡೆಯದ ಬಂಡೆ (ಟೋ) ಉಳಿಯುತ್ತದೆ, ದೊಡ್ಡ ಬೋಲ್ಡರ್‌ಗಳು ಬೀಳುತ್ತವೆ. ಮತ್ತೆ ಬ್ರೇಕರ್ ತರಬೇಕು, ಲೋಡಿಂಗ್ ನಿಧಾನ, ಕ್ರಷರ್ ಬಾಯಿ ಕಟ್ಟಿಕೊಳ್ಳುತ್ತದೆ. ಮದ್ದಿನ ಬಿಲ್ಲಲ್ಲಿ ಉಳಿದದ್ದು ಕ್ರಷರ್ ಹತ್ತಿರ ದುಪ್ಪಟ್ಟಾಗಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಖರ್ಚನ್ನು ಟನ್ನಿಗೆ ಇಷ್ಟು ಅಂತ, ಕ್ರಷರ್ ದಾಟುವವರೆಗೂ ಲೆಕ್ಕ ಹಾಕಿ ಅನ್ನುತ್ತೇನೆ.

ಇಂಥ ಕಡೆ ನಾನು ಹೋಲಿನ ಮದ್ದನ್ನು ಎರಡು ಡೆಕ್, ಅಂದರೆ ಎರಡು ಭಾಗ, ಮಾಡುತ್ತೇನೆ. ನಡುವೆ ಒಂದು ಮೀಟರ್ ಸಣ್ಣ ಜಲ್ಲಿ, ಪ್ರತಿ ಡೆಕ್ಕಿಗೂ ಅದರದೇ ಡಿಟೊನೇಟರ್, ಬೇರೆ ಡಿಲೇ. ಡೆಕ್ಕಿಗೆ ಸುಮಾರು 27 ಕೆಜಿ. ಡಿಟೊನೇಟರ್ ಖರ್ಚು ಏರುತ್ತದೆ, ನಿಜ. ಮನೆ ಇನ್ನೂ ಹತ್ತಿರವಿದ್ದರೆ ಸಣ್ಣ ಹೋಲ್, ಕಡಿಮೆ ಬರ್ಡನ್.

ಹೋಲಿನ ಬಾಯಿ ಮುಚ್ಚಲು ಮದ್ದಿನ ಮೇಲೆ ತುಂಬುವ ಸ್ಟೆಮ್ಮಿಂಗ್‌ಗೂ ಡ್ರಿಲ್ಲಿನ ಪುಡಿ ಬೇಡ. ಮೂಲೆ ಇರುವ ಜಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಗ್ಯಾಸನ್ನು ಹಿಡಿದಿಡುತ್ತದೆ.

ಕಂಪನ ಅಳೆಯುವ ಸೀಸ್ಮೋಗ್ರಾಫನ್ನು ಹತ್ತಿರದ ಮನೆಯ ಬಳಿಯೇ ಇಡಿ. ಕಂಪನದ ವೇಗದ ಜೊತೆ ಫ್ರೀಕ್ವೆನ್ಸಿಯನ್ನೂ (ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಅನ್ನುವುದು) ಓದಿ. ಚಿಕ್ಕ ಮನೆಗಳು ಸಾಮಾನ್ಯವಾಗಿ 4ರಿಂದ 12 ಹರ್ಟ್ಜ್‌ನಲ್ಲಿ ಜಾಸ್ತಿ ತೂಗಾಡುತ್ತವೆ. ಹಾಗಾಗಿ ಅಲ್ಲಿ ಮಿತಿ ಬಿಗಿಯಾಗಿರಬೇಕು. ಇನ್ನೊಂದು ಮಾತು. ಸೆಕೆಂಡಿಗೆ 1 ಮಿ.ಮೀ.ಗಿಂತ ಕಡಿಮೆ ಕಂಪನವೂ ಮನುಷ್ಯನಿಗೆ ಗೊತ್ತಾಗುತ್ತದೆ. ಗೋಡೆ ಬಿರುಕು ಬಿಡುವ ಮಟ್ಟ ಅದಕ್ಕಿಂತ ಎಷ್ಟೋ ಮೇಲೆ. ಆದರೂ ಹೆದರಿದೆ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಬ್ಲಾಸ್ಟಿಗೆ ಮುಂಚೆ ಅವರ ಮನೆಗೆ ಹೋಗಿ ಸಮಯ ಹೇಳಿ, ಆಮೇಲೆ ಬಂದ ಅಂಕಿಯನ್ನೂ ತೋರಿಸಿ.