ಹೌಸ್‌ಬೋಟಿನ ಏಸಿಗೆ ವರ್ಷವರ್ಷವೂ ಗ್ಯಾಸ್ ತುಂಬಿಸಬೇಕೇ?

ಪ್ರಶ್ನೆ: ನೀಲೇಶ್ವರದ ಕೋಟ್ಟಪ್ಪುರದಿಂದ ವಲಿಯಪರಂಬ ಹಿನ್ನೀರಿಗೆ ಹೋಗುವ ನಮ್ಮ ಹೌಸ್‌ಬೋಟಿನ ಸ್ಪ್ಲಿಟ್ ಏಸಿಗೆ ಗ್ಯಾಸ್ ತುಂಬಿಸಿದರೆ ಮೂರು ನಾಲ್ಕು ತಿಂಗಳಷ್ಟೇ ತಂಪು ಇರುತ್ತದೆ. ದೋಣಿಯಲ್ಲಿ ಗ್ಯಾಸ್ ಬೇಗ ಮುಗಿಯುವುದು ಸಹಜವೇ?

ಉತ್ತರ: ಸಹಜವಲ್ಲ. ಏಸಿಯ ಗ್ಯಾಸ್ ಡೀಸೆಲ್‌ನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ದ್ರವವಾಗಿಯೂ ಆವಿಯಾಗಿಯೂ ರೂಪ ಬದಲಿಸುತ್ತಾ ಸುತ್ತುವ ಅದು, ಸೋರಿಕೆಯಿಲ್ಲದಿದ್ದರೆ ಯಂತ್ರದ ಆಯುಷ್ಯದುದ್ದಕ್ಕೂ ಅಷ್ಟೇ ಇರಬೇಕು. ಆದ್ದರಿಂದ ಸೋರುವ ಜಾಗವನ್ನು ಹುಡುಕದೆ ಮತ್ತೆ ಮತ್ತೆ ತುಂಬಿಸುವುದು ತೂತು ಕೊಡಪಾನಕ್ಕೆ ನೀರು ಹೊಯ್ದಂತೆ. ಆದರೆ ಗ್ಯಾಸ್ ಕಡಿಮೆಯೆಂದು ತೀರ್ಮಾನಿಸುವ ಮೊದಲು ಫಿಲ್ಟರನ್ನು ತೊಳೆದು ನೋಡಿ. ಒಳಗಿನ ಕಾಯಿಲ್ (ಗ್ಯಾಸ್ ಹರಿಯುವ ಕೊಳವೆಯ ಸುರುಳಿ) ಮೇಲೆ ಮಂಜುಗಡ್ಡೆ ಕಟ್ಟುವುದಕ್ಕೆ ಗ್ಯಾಸ್ ಕಡಿಮೆಯಾಗುವುದೂ ಫಿಲ್ಟರಿನಲ್ಲಿ ಕೊಳೆ ಕಟ್ಟುವುದೂ ಕಾರಣವಾಗಬಲ್ಲವು.

ದೋಣಿಯಲ್ಲಿ ಸೋರಿಕೆ ಹೆಚ್ಚಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ಉಪ್ಪು. ನಮ್ಮ ಕಡಲ ಕರೆಯ ಮನೆಗಳಲ್ಲಿ ಕಿಟಕಿಯ ಸರಳುಗಳಿಗೆ ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿನ ಯೂನಿಟ್ಟಿನಲ್ಲಿ ತಾಮ್ರದ ಕೊಳವೆಯೂ ಅಲ್ಯುಮಿನಿಯಂ ಹಾಳೆಗಳೂ ತಾಗಿಕೊಂಡಿರುವುದರಿಂದ, ಉಪ್ಪುನೀರಿನ ಪಸೆ ಸೇರಿದಾಗ ಸವೆತ ಇನ್ನೂ ವೇಗವಾಗುತ್ತದೆ. ಎರಡನೆಯದು ಎಂಜಿನ್ನು ಮತ್ತು ಜನರೇಟರಿನ ಅದುರುವಿಕೆ. ಅದರಿಂದ ಫ್ಲೇರ್ ನಟ್‌ಗಳು (ತಾಮ್ರದ ಕೊಳವೆಯ ಅಗಲಿಸಿದ ತುದಿಯನ್ನು, ಅಂದರೆ ಫ್ಲೇರನ್ನು, ಜೋಡಣೆಗೆ ಬಿಗಿಯುವ ನಟ್‌ಗಳು) ಸಡಿಲವಾಗುತ್ತವೆ, ಕ್ಲಾಂಪ್ ಇಲ್ಲದ ಕೊಳವೆ ಮರಕ್ಕೆ ಉಜ್ಜಿ ಉಜ್ಜಿ ತೆಳ್ಳಗಾಗುತ್ತದೆ.

ಹುಡುಕಾಟಕ್ಕೆ ಮೊದಲು ಬೇಕಾದದ್ದು ಟಾರ್ಚು. ಗ್ಯಾಸಿನೊಂದಿಗೆ ಕಂಪ್ರೆಸರಿನ ಎಣ್ಣೆಯೂ ಹೊರಬರುವುದರಿಂದ, ಜೋಡಣೆಯ ಬಳಿ ಧೂಳು ಮೆತ್ತಿದ ಎಣ್ಣೆಯ ಕಲೆ ಕಂಡರೆ ಅಲ್ಲಿಯೇ ಸೋಪಿನ ನೊರೆ ಹಚ್ಚಿ ಕೆಲವು ನಿಮಿಷ ಕಾದು ನೋಡಬೇಕು. ಅದರಲ್ಲಿ ಸಿಗದಿದ್ದರೆ, ಗ್ಯಾಸನ್ನು ಸಿಲಿಂಡರಿಗೆ ಹಿಂತೆಗೆದು, ಒಣ ನೈಟ್ರೋಜನ್ನನ್ನು ರೆಗ್ಯುಲೇಟರಿನ ಮೂಲಕ ಯಂತ್ರದ ಫಲಕದಲ್ಲಿ ಹೇಳಿದ ಮಿತಿಯೊಳಗೆ ತುಂಬಿಸಿ, ಒತ್ತಡ ಇಳಿಯುತ್ತದೆಯೇ ಎಂದು ಒಂದು ರಾತ್ರಿ ನೋಡುವುದು ಉತ್ತಮ. ಈ ಕೆಲಸಕ್ಕೆ ಆಮ್ಲಜನಕವನ್ನು ಎಂದಿಗೂ ಬಳಸಕೂಡದು. ಒಳಗಿನ ಎಣ್ಣೆಯೊಡನೆ ಸೇರಿ ಅದು ಸ್ಫೋಟಿಸಬಹುದು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಒತ್ತಿ ಹೇಳಬೇಕಾಗಿದೆ. ಹೊಸ ಏಸಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಆರ್-32 ಬೆಂಕಿ ಹಿಡಿಯಬಲ್ಲ ಗ್ಯಾಸ್. ಅದು ಗಾಳಿಗಿಂತ ಭಾರವಾದುದರಿಂದ, ಮನೆಯಲ್ಲಾದರೆ ಬಾಗಿಲ ಸಂದಿನಿಂದ ಹೊರಹೋಗುವಂಥದ್ದು ದೋಣಿಯಲ್ಲಿ ಹಲಗೆಯ ಕೆಳಗಿನ ತಳಭಾಗಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ; ಅಲ್ಲಿ ಉಸಿರಾಟಕ್ಕೆ ಬೇಕಾದ ಗಾಳಿಯನ್ನೂ ಹೊರದೂಡುತ್ತದೆ. ಆದ್ದರಿಂದ ಬ್ರೇಜಿಂಗಿಗೆ (ಜ್ವಾಲೆಯಿಂದ ಕಾಯಿಸಿ ಲೋಹದ ಬೆಸುಗೆ ಹಾಕುವುದಕ್ಕೆ) ಮೊದಲು ಅಡುಗೆಯ ಒಲೆಯನ್ನೂ ಜನರೇಟರನ್ನೂ ಆರಿಸಿ, ಕಿಟಕಿಗಳನ್ನೂ ತಳದ ಹಲಗೆಗಳನ್ನೂ ತೆರೆದು ಗಾಳಿಯಾಡಿಸಬೇಕು. ಕೊಳವೆಯೊಳಗೆ ಗ್ಯಾಸ್ ಇರುವಾಗ ಜ್ವಾಲೆ ತಾಗಿಸುವ ಮೆಕ್ಯಾನಿಕ್ಕಿಗೆ ದೋಣಿಯನ್ನು ಒಪ್ಪಿಸಲೇಬಾರದು. ಹಿಂತೆಗೆಯದೆ ಗ್ಯಾಸನ್ನು ಗಾಳಿಗೆ ಬಿಡುವುದೂ ತಪ್ಪು: ಆರ್-32ಕ್ಕೆ ವಾತಾವರಣವನ್ನು ಬಿಸಿಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 675 ಪಟ್ಟು, ಏಸಿಗಳಲ್ಲಿ ಬಳಸುವ ಇನ್ನೊಂದು ಗ್ಯಾಸ್ ಆದ ಆರ್-410ಎಗೆ ಸುಮಾರು 2088 ಪಟ್ಟು.

ಸಡಿಲವಾದ ಫ್ಲೇರನ್ನು ಬಲವಂತವಾಗಿ ಬಿಗಿದರೆ ತಾಮ್ರ ಸೀಳಬಹುದು. ತುದಿಯನ್ನು ಕತ್ತರಿಸಿ ಹೊಸ ಫ್ಲೇರ್ ಮಾಡಿ, ಟಾರ್ಕ್ ಸ್ಪ್ಯಾನರಿನಿಂದ (ಅಳತೆಗೆ ತಕ್ಕಷ್ಟೇ ಬಿಗಿಯುವ ಸ್ಪ್ಯಾನರಿನಿಂದ) ಬಿಗಿಯುವುದೇ ಸರಿ. ಕಾಯಿಲಿನಲ್ಲಿ ಉಪ್ಪು ತಿಂದ ಸೂಜಿತೂತುಗಳು ಹಲವಾರು ಇದ್ದರೆ ಒಂದಕ್ಕೆ ತೇಪೆ ಹಾಕಿದಷ್ಟರಲ್ಲಿ ಇನ್ನೊಂದು ತೆರೆಯುತ್ತದೆ, ಆಗ ರಕ್ಷಣಾ ಲೇಪವಿರುವ ಹೊಸ ಕಾಯಿಲನ್ನೇ ಹಾಕಿಸಬೇಕು.

ದುರಸ್ತಿಯಾದ ಮೇಲೆ ವ್ಯಾಕ್ಯೂಮ್ ಪಂಪಿನಿಂದ 500 ಮೈಕ್ರಾನಿನವರೆಗೆ (ಒಳಗುಳಿದ ಗಾಳಿಯ ಒತ್ತಡದ ಅಳತೆ) ಗಾಳಿ ತೆಗೆಯುವ ಹಂತವನ್ನು ಸಮಯವಿಲ್ಲವೆಂದು ಬಿಡಕೂಡದು. ಹಿನ್ನೀರಿನ ಮೇಲಿನ ಗಾಳಿಯ ತೇವ ಒಳಗುಳಿದರೆ ಎಣ್ಣೆಯನ್ನು ಕೆಡಿಸಿ ಕಂಪ್ರೆಸರನ್ನೇ ತಿನ್ನುತ್ತದೆ. ಬಳಿಕ ಫಲಕದಲ್ಲಿರುವ ಗ್ರಾಂ ಲೆಕ್ಕದಲ್ಲಿ ತಕ್ಕಡಿಯ ಮೇಲೆ ತೂಗಿ ಗ್ಯಾಸ್ ತುಂಬಿಸಲಿ, ತುಂಬಿಸಿದ ತೂಕವನ್ನೂ ದಿನಾಂಕವನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.