‘ಬಟ್ ಇನ್’ನಲ್ಲಿರುವ ಬಟ್ ಯಾವುದು?

ಪ್ರಶ್ನೆ: ಆಫೀಸಿನ ಕಾಲ್‌ಗಳಲ್ಲಿ ‘ಸಾರಿ ಟು ಬಟ್ ಇನ್’ ಅನ್ನುವುದನ್ನು ಆಗಾಗ ಕೇಳುತ್ತೇನೆ. ಬಟ್ ಅಂದರೆ ‘ಆದರೆ’ ಅಲ್ಲವೇ? ನಡುವೆ ‘ಆದರೆ...’ ಅಂತ ರಾಗ ಎಳೆಯುವುದಕ್ಕೆ ಹಾಗನ್ನುತ್ತಾರಾ? ನಾನೂ ಬಳಸಬಹುದಾ?

ಉತ್ತರ: ಊಹೆಯೇನೋ ಚೆನ್ನಾಗಿದೆ, ಆದರೆ ತಪ್ಪು. ‘ಆದರೆ’ ಅನ್ನುವ ಬಟ್‌ಗೆ ಕೊನೆಯಲ್ಲಿ ಒಂದೇ ಟಿ, ಇದಕ್ಕೆ ಎರಡು. ಉಚ್ಚಾರ ಒಂದೇ ಆದ್ದರಿಂದ ಕಿವಿಗೆ ಗೊತ್ತಾಗುವುದಿಲ್ಲ. ಎರಡು ಟಿಯ ಬಟ್ ಅಂದರೆ ಟಗರು ತಲೆ ತಗ್ಗಿಸಿಕೊಂಡು ಬಂದು ಹಾಯುವುದು, ಗುದ್ದುವುದು. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ ಇದು. ಅದಕ್ಕೆ ‘ಇನ್’ ಅಂಟಿಕೊಂಡು, ಕರೆಯದ ಕಡೆ ನುಗ್ಗುವುದು ಎಂಬ ಅರ್ಥ ಬಂದದ್ದು ಅಮೆರಿಕದಲ್ಲಿ, 1900ರ ಆಸುಪಾಸಿನಲ್ಲಿ. ಟಗರಿನ ಕಾಳಗ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಮದುವೆ ಮಾತುಕತೆ ನಡೆಯುತ್ತಿದೆ ಅಂದುಕೊಳ್ಳಿ. ಛತ್ರದ ವಿಷಯ ಇನ್ನೇನು ಇತ್ಯರ್ಥವಾಗಬೇಕು, ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಚಿಕ್ಕಪ್ಪ ಲೋಟ ಕೆಳಗಿಟ್ಟು ‘ಅಲ್ಲಿ ಪಾರ್ಕಿಂಗೇ ಇಲ್ವಲ್ರೀ’ ಅನ್ನುತ್ತಾರೆ. ಅವರನ್ನು ಯಾರೂ ಕೇಳಿರಲಿಲ್ಲ. ಚಿಕ್ಕಪ್ಪ ಬಟೆಡ್ ಇನ್. ನಾವು ಇದನ್ನು ‘ನಡುವೆ ಬಾಯಿ ಹಾಕಿದರು’ ಅನ್ನುತ್ತೇವೆ. ಮಾತಿಗಷ್ಟೇ ಅಲ್ಲದೆ ಇನ್ನೊಬ್ಬರ ಸಂಸಾರಕ್ಕೇ ನುಗ್ಗಿದರೆ ‘ಮೂಗು ತೂರಿಸಿದರು’, ‘ತಲೆ ಹಾಕಿದರು’. ಬಟ್ ಇನ್ ಈ ಮೂರಕ್ಕೂ ಸಲ್ಲುತ್ತದೆ. ಟಗರನ್ನು ನೆನೆದರೆ ‘ತಲೆ ಹಾಕು’ ಇನ್ನೂ ಹತ್ತಿರ. ಚಿಕ್ಕಪ್ಪ ಹೇಳಿದ್ದು ನಿಜವೇ ಇರಬಹುದು, ಅದು ಬೇರೆ ಮಾತು. ಸರಿಯೋ ತಪ್ಪೋ ಎಂಬುದರ ಗೊಡವೆ ಈ ಪದಕ್ಕಿಲ್ಲ. ಕರೆಯದೆ ಬಂದದ್ದೇ ಅದರ ದೂರು.

ಈ ದೂರಿನ ಧಾಟಿ ಗೊತ್ತಿಲ್ಲದೆ ನಾನೊಮ್ಮೆ ಪೇಚಿಗೆ ಸಿಕ್ಕಿದ್ದೆ. ಕೆಲಸಕ್ಕೆ ಸೇರಿದ ಹೊಸತು. ಫೋನಿನಲ್ಲಿ ಇಬ್ಬರ ಜಗಳ ಬಿಡಿಸಿದ ಹಿರಿಯರೊಬ್ಬರಿಗೆ ಥ್ಯಾಂಕ್ಸ್ ಹೇಳಲು ಹೋಗಿ, ‘ಯು ಬಟೆಡ್ ಇನ್ ಅಟ್ ದ ರೈಟ್ ಟೈಮ್’ ಅಂದುಬಿಟ್ಟೆ. ಹೊಗಳಿದೆ ಅಂತಲೇ ನನ್ನ ಲೆಕ್ಕ. ಆ ಕಡೆ ಒಂದು ಕ್ಷಣ ಮೌನ, ಆಮೇಲೆ ನಗು. ಅಲ್ಲಿ ಹೇಳಬೇಕಿದ್ದದ್ದು ‘ಸ್ಟೆಪ್ಡ್ ಇನ್’. ಪರಿಸ್ಥಿತಿ ಕೈಮೀರುವಾಗ ಯಾರೋ ಬಂದು ಸಂಭಾಳಿಸಿದರೆ ಅದು ಸ್ಟೆಪ್ ಇನ್. ಇನ್ನೊಬ್ಬರ ಮೇಲೆ ‘ಬಟ್ ಇನ್’ ಪ್ರಯೋಗಿಸಿದರೆ ಚುಚ್ಚುತ್ತದೆ. ನಿಮ್ಮ ಬಗ್ಗೆ ನೀವೇ ಹೇಳಿಕೊಂಡರೆ ವಿನಯ. ಹಾಗಾಗಿ ‘ಸಾರಿ ಟು ಬಟ್ ಇನ್’ ಧಾರಾಳವಾಗಿ ಬಳಸಿ. ‘ನಡುವೆ ಬಾಯಿ ಹಾಕ್ತಿದೀನಿ, ಬೇಜಾರು ಮಾಡ್ಕೋಬೇಡಿ’ ಅಂದಂತೆ. ಮೇಲಧಿಕಾರಿಗೆ ಮಾತ್ರ ‘ಪ್ಲೀಸ್ ಡೋಂಟ್ ಬಟ್ ಇನ್’ ಅನ್ನಬೇಡಿ. ಪ್ಲೀಸ್ ಸೇರಿಸಿದರೂ ಅದರ ಒರಟು ಹೋಗದು.

ವ್ಯಾಕರಣದಲ್ಲಿ ಎಡವುವುದು ಭೂತಕಾಲದಲ್ಲಿ. ಕಟ್, ಪುಟ್ ಬದಲಾಗುವುದಿಲ್ಲವಲ್ಲ, ಅದೇ ಜಾಡಿನಲ್ಲಿ ‘ಯೆಸ್ಟರ್ಡೇ ಹಿ ಬಟ್ ಇನ್’ ಅಂದುಬಿಡುತ್ತೇವೆ. ಅದು ‘ಬಟೆಡ್ ಇನ್’ ಆಗಬೇಕು. ‘ಹಿ ಬಟೆಡ್ ಮಿ ಇನ್’ ಎಂದು ನಡುವೆ ಆಳನ್ನು ತುರುಕುವ ಹಾಗೂ ಇಲ್ಲ. ಯಾರ ಮಾತಿಗೆ ಅಂತ ಹೇಳಬೇಕಿದ್ದರೆ ‘ಬಟೆಡ್ ಇನ್ ಆನ್ ಅವರ್ ಕಾನ್ವರ್ಸೇಶನ್’.

ಅಮೆರಿಕದಲ್ಲಿ ಬಟ್ ಅಂದರೆ ಕುಂಡೆ ಅಂತಲೂ ಇದೆ. ಅದನ್ನು ನೆನೆದು ಮುಜುಗರಪಡುವವರಿದ್ದಾರೆ, ಈ ಮಾತಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲೇ ಇರುವ ಕನ್ನಡಿಗರಿಗೆ ಇನ್ನೊಂದು ಬಳಕೆಯೂ ಕಿವಿಗೆ ಬಿದ್ದಿರುತ್ತದೆ: ಕ್ಯೂ ಮಧ್ಯೆ ತೂರಿಕೊಂಡರೂ ‘ಬಟ್ ಇನ್ ಲೈನ್’. ಅದನ್ನೇ ಬ್ರಿಟನ್ನಿನವರು ‘ಪುಶ್ ಇನ್’ ಅನ್ನುತ್ತಾರೆ. ಬಸ್ಸಿನ ಬಾಗಿಲಲ್ಲಿ ನಾವು ಅನ್ನುವುದು ‘ರೀ, ಕ್ಯೂನಲ್ಲಿ ಬನ್ರೀ’ ಅಂತ ಅಷ್ಟೇ.